‘ಏನ್ ಗುರು, ಹಿಂಗಾ ಆಡೋದು?’: ಆನ್‌ಲೈನ್ ಗೇಮ್‌ನಲ್ಲಿ ಕೇಳದೆ ಬರುವ ಸಲಹೆ ನಿಭಾಯಿಸುವುದು ಹೇಗೆ?

ಮೊಬೈಲ್‌ನಲ್ಲಿ ಚೆಸ್, ಕ್ಲಾಷ್ ಆಫ್ ಕ್ಲಾನ್ಸ್, ಕಂಪ್ಯೂಟರ್‌ನಲ್ಲಿ ಡೋಟಾ 2. ಆಟ ಯಾವುದೇ ಇರಲಿ, ತಲೆ ಓಡಿಸಿ ಆಡುವ ಗೇಮ್‌ಗಳಲ್ಲಿ ಎಲ್ಲರಿಗೂ ಒಂದು ಅನುಭವ ಆಗಿಯೇ ಇರುತ್ತದೆ. ಆಟ ಅರ್ಧಕ್ಕೆ ಬಂದಿರುತ್ತದೆ, ಲೆಕ್ಕ ಹಾಕಿ ಒಂದು ನಡೆ ಇಟ್ಟಾಗಿರುತ್ತದೆ. ಅಷ್ಟರಲ್ಲಿ ಚಾಟ್‌ನಲ್ಲಿ ಒಂದು ಸಾಲು ಬಂದು ಬೀಳುತ್ತದೆ: ‘ಅದಲ್ಲ, ಇದನ್ನ ಮಾಡ್ಬೇಕಿತ್ತು’. ಕೇಳಿದವರು ಯಾರೂ ಇಲ್ಲ, ಹೇಳುವವರಿಗೆ ಮಾತ್ರ ಬರವಿಲ್ಲ.

ನೋಡಲು ಇದು ಚಿಕ್ಕ ವಿಷಯ. ಆದರೆ ಹೊಸದಾಗಿ ಕಲಿಯುವವರು ಆಟ ಬಿಡುವುದು, ಕ್ಲಾನ್ ಒಡೆಯುವುದು, ಗೆಳೆಯರ ನಡುವೆ ಮಾತು ನಿಲ್ಲುವುದು ಬಹಳ ಸಲ ಇಂಥ ಒಂದು ಸಾಲಿನಿಂದಲೇ. ಇನ್ನು ಕೆಲವು ಆಟಗಳಲ್ಲಿ ಹೊರಗಿನವರ ಸಲಹೆ ಪಡೆಯುವುದೇ ನಿಯಮದ ಉಲ್ಲಂಘನೆ. ಖಾತೆ ಬಂದ್ ಆಗಬಹುದು. ಸಲಹೆಯ ಸೋಗಿನಲ್ಲಿ ಬರುವ ವಂಚಕರದು ಬೇರೆಯೇ ಕಥೆ. ಹಾಗಾದರೆ ಯಾವ ಸಲಹೆ ಕೇಳಬೇಕು, ಯಾವುದನ್ನು ಬಿಡಬೇಕು, ಜಗಳವಿಲ್ಲದೆ ಬಾಯಿ ಮುಚ್ಚಿಸುವುದು ಹೇಗೆ? ಇಲ್ಲಿದೆ ವಿವರ.

ಸಲಹೆ ಹಳೆಯದು, ಜಗುಲಿ ಮಾತ್ರ ಹೊಸದು

ಆಟ ಇದ್ದಲ್ಲಿ ನೋಡುವವರಿರುತ್ತಾರೆ, ನೋಡುವವರಿದ್ದಲ್ಲಿ ಸಲಹೆ ಇರುತ್ತದೆ. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳ ಗೆರೆಗಳು ಇಂದಿಗೂ ಕಾಣುತ್ತವೆ. ಹಳ್ಳಿಯ ಜಗುಲಿಯಲ್ಲಿ ಚೌಕಾಬಾರ ಅಥವಾ ಹುಲಿ-ಕುರಿ ಆಟ ನಡೆದರೆ ಆಡುವವರು ಇಬ್ಬರು, ‘ಆ ಕಾಯಿ ನಡೆಸು, ಈ ಕಾಯಿ ಬಿಡು’ ಎನ್ನುವವರು ಆರು ಜನ.

ಇಂಥವರಿಗೆ ಇಂಗ್ಲಿಷ್‌ನಲ್ಲಿ ‘ಕಿಬಿಟ್ಸರ್’ ಎಂಬ ಹೆಸರೇ ಇದೆ. ಯಿಡ್ಡಿಷ್ ಭಾಷೆಯಿಂದ ಬಂದ ಈ ಪದದ ಮೂಲ ಜರ್ಮನ್ ಭಾಷೆಯ ‘ಕಿಬಿಟ್ಸ್’, ಅಂದರೆ ಟಿಟ್ಟಿಭ ಹಕ್ಕಿ. ಕೆರೆಯಂಚಿನಲ್ಲಿ ಯಾರೇ ಹಾದುಹೋದರೂ ಸುಮ್ಮನಿರದೆ ಕೂಗುವ ಟಿಟ್ಟಿಭವನ್ನು ಕಂಡವರಿಗೆ ಈ ಹೆಸರು ಎಷ್ಟು ಸರಿ ಎಂದು ಬೇರೆ ಹೇಳಬೇಕಿಲ್ಲ.

ಹಾಗೆಂದು ಬದಿಯಲ್ಲಿ ಕುಳಿತವರು ಹೇಳುವುದೆಲ್ಲ ತಪ್ಪಲ್ಲ. ಗೋ ಆಟಕ್ಕೆ ಹೆಸರಾದ ಜಪಾನಿನಲ್ಲಿ ‘ಪಕ್ಕದಲ್ಲಿ ಕುಳಿತು ನೋಡುವವನಿಗೆ ಎಂಟು ನಡೆ ಮುಂದೆ ಕಾಣುತ್ತದೆ’ ಎಂಬರ್ಥದ ಗಾದೆಯಿದೆ. ಸೋಲುವ ಭಯ ಇಲ್ಲದವನ ಕಣ್ಣು ನಿರಾಳವಾಗಿರುತ್ತದೆ. ಆಡುವವನಿಗೆ ಗಡಿಯಾರ ಓಡುತ್ತಿರುತ್ತದೆ, ರೇಟಿಂಗ್ ಹೋಗುವ ಆತಂಕ ಇರುತ್ತದೆ. ಸಮಸ್ಯೆ ಇರುವುದು ಸಲಹೆಯಲ್ಲಿ ಅಲ್ಲ, ಅದು ಬರುವ ಹೊತ್ತಿನಲ್ಲಿ ಮತ್ತು ರೀತಿಯಲ್ಲಿ.

ಸರಿಯಾದ ಸಲಹೆಗೂ ಸಿಟ್ಟು ಬರುವುದೇಕೆ?

ಇದಕ್ಕೆ ಮನಃಶಾಸ್ತ್ರದಲ್ಲಿ ಉತ್ತರವಿದೆ. ಅಮೆರಿಕದ ಮನಃಶಾಸ್ತ್ರಜ್ಞ ಜಾಕ್ ಬ್ರೆಮ್ 1966ರಲ್ಲಿ ಮುಂದಿಟ್ಟ ಸಿದ್ಧಾಂತದ ಪ್ರಕಾರ, ಆಯ್ಕೆ ಮಾಡುವ ತನ್ನ ಸ್ವಾತಂತ್ರ್ಯವನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿದ ಕೂಡಲೇ ಮನಸ್ಸು ತಿರುಗಿಬೀಳುತ್ತದೆ. ಹೇಳಿದ್ದು ಸರಿ ಇದ್ದರೂ ಅದರ ವಿರುದ್ಧವೇ ಮಾಡಬೇಕು ಅನ್ನಿಸುತ್ತದೆ. ತಂತ್ರದ ಆಟದ ಖುಷಿ ಇರುವುದೇ ‘ಈ ನಡೆ ನನ್ನದು’ ಎಂಬುದರಲ್ಲಿ. ಅದನ್ನೇ ಬೇರೆಯವರು ಹೇಳಿಬಿಟ್ಟರೆ ಉಳಿಯುವುದು ಬೆರಳಿನ ಕೆಲಸ ಮಾತ್ರ.

ಎರಡನೆಯದು, ಯಾರೋ ನೋಡುತ್ತಿದ್ದಾರೆ ಎಂಬ ಒತ್ತಡ. ಪಕ್ಕದಲ್ಲಿ ಜನರಿದ್ದರೆ ಚೆನ್ನಾಗಿ ರೂಢಿಯಾದ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ, ಇನ್ನೂ ಕಲಿಯುತ್ತಿರುವ ಕಠಿಣ ಕೆಲಸ ಕೆಡುತ್ತದೆ ಎಂದು ರಾಬರ್ಟ್ ಝಯಾಂಕ್ 1965ರಲ್ಲಿ ವಿವರಿಸಿದ್ದರು. ಪಳಗಿದವರಿಗೆ ಚಾಟ್ ಒಂದು ಗದ್ದಲ ಅಷ್ಟೇ. ಹೊಸಬರಿಗೆ ಅದು ಕೈ ನಡುಗಿಸುವ ವಿಷಯ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅವ್ರಾಹಂ ಕ್ಲೂಗರ್ ಮತ್ತು ಆಂಜೆಲೊ ಡೆನಿಸಿ ಎಂಬ ಸಂಶೋಧಕರು ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ‘ಹೀಗೆ ಮಾಡಿದ್ದೀಯ, ಹಾಗೆ ಮಾಡಬೇಕು’ ಎಂಬ ಹಿಮ್ಮಾಹಿತಿ ಸರಾಸರಿಯಲ್ಲಿ ಉಪಯೋಗಕ್ಕೆ ಬಂದರೂ, ಮೂರನೇ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಸಾಧನೆಯನ್ನು ಕೆಳಕ್ಕೆ ಎಳೆದಿತ್ತು. ಗಮನ ಕೆಲಸದಿಂದ ಸರಿದು ‘ನಾನು ದಡ್ಡನೇ?’ ಎಂಬ ಕಡೆಗೆ ಹೊರಳಿದಾಗ ಹೀಗಾಗುತ್ತದೆ ಎಂಬುದು ಅವರ ವಿವರಣೆ. ‘ಕುದುರೆಗೆ ದಾರಿ ಇಲ್ಲ’ ಎನ್ನುವುದು ಆಟದ ಬಗ್ಗೆ ಹೇಳುವ ಮಾತು. ‘ನಿಂಗೆ ಆಡೋಕೆ ಬರಲ್ಲ’ ಎನ್ನುವುದು ಆಟಗಾರನ ಬಗ್ಗೆ ಹೇಳುವ ಮಾತು. ಮೊದಲನೆಯದರಿಂದ ಕಲಿಯಬಹುದು, ಎರಡನೆಯದರಿಂದ ಕಲಿಯಲು ಏನೂ ಇಲ್ಲ.

ಫರೀದಾಬಾದ್‌ನ ‘ತೂ’, ಧಾರವಾಡದ ‘ಲೇ’

ಆನ್‌ಲೈನ್ ಆಟದಲ್ಲಿ ಇದಕ್ಕೆ ಭಾಷೆಯ ಗೊಂದಲವೂ ಸೇರುತ್ತದೆ. ದೆಹಲಿ ಪಕ್ಕದ ಫರೀದಾಬಾದ್‌ಗೆ 2015ರ ಸೆಪ್ಟೆಂಬರ್‌ನಲ್ಲಿ ಮೆಟ್ರೋ ಬಂತು. ಅಲ್ಲಿಂದ ನೇರಳೆ ಮಾರ್ಗದಲ್ಲಿ ದೆಹಲಿಯ ಕಚೇರಿಗಳಿಗೆ ಹೋಗುವವರಿಗೆ ಒಂದು ಗಂಟೆಯ ಆಸುಪಾಸು ಪ್ರಯಾಣ, ಒಂದೆರಡು ಪಂದ್ಯಕ್ಕೆ ಸಾಕಾಗುವಷ್ಟು ಹೊತ್ತು. ಅದೇ ಹೊತ್ತಿಗೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕ್ಯಾಬ್‌ನ ಹಿಂದಿನ ಸೀಟಿನಲ್ಲಿ ಕುಳಿತವರೂ ಫೋನ್ ತೆಗೆದಿರುತ್ತಾರೆ. ಮುಖ ಕಾಣದ, ಊರು ಗೊತ್ತಿಲ್ಲದ ಇಂಥ ಇಬ್ಬರು ಒಂದೇ ಕ್ಲಾನ್‌ನಲ್ಲಿ ಇರುವುದು ಇಂದು ಏನೂ ವಿಶೇಷವಲ್ಲ.

ದೆಹಲಿ-ಹರಿಯಾಣ ಕಡೆಯ ಮಾತಿನಲ್ಲಿ ಓರಗೆಯವರನ್ನು ‘ತೂ’ ಎನ್ನುವುದು ಸಲಿಗೆ. ‘ಅರೇ ಯಾರ್, ಯೇ ಕ್ಯಾ ಕರ್ ದಿಯಾ?’ ಎಂದರೆ ಅಲ್ಲಿನವರಿಗೆ ಗೆಳೆಯನ ಗೊಣಗಾಟ. ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ‘ಆಪ್’ ಎಂದಷ್ಟೇ ರೂಢಿಯಿರುವ ಕನ್ನಡಿಗರಿಗೆ ಅದು ಏಕವಚನದ ಬೈಗುಳದಂತೆ ಕೇಳಬಹುದು.

ಅಷ್ಟು ದೂರ ಹೋಗುವುದೇ ಬೇಡ. ಧಾರವಾಡದ ಗೆಳೆಯರ ನಡುವಿನ ‘ಲೇ’, ಬೆಂಗಳೂರಿನ ಹುಡುಗರ ‘ಮಗಾ’ ಆಪ್ತ ಮಾತುಗಳೇ. ಗುರುತಿಲ್ಲದವರಿಗೆ ಟೈಪ್ ಮಾಡಿ ಕಳಿಸಿದರೆ ಅದೇ ಮಾತು ಕೆಣಕಿದಂತೆ ಕಾಣುತ್ತದೆ. ದನಿಯ ಏರಿಳಿತ, ಮುಖದ ನಗು ಎರಡೂ ಅಕ್ಷರದಲ್ಲಿ ಹೋಗುವುದಿಲ್ಲ. ಹಾಗಾಗಿ ಮೊದಲ ಸಲ ಒರಟಾಗಿ ಕೇಳಿದ ಸಲಹೆಯನ್ನು ಜಗಳವೆಂದು ತೆಗೆದುಕೊಳ್ಳದೆ ಬಿಡುವುದು ಒಳ್ಳೆಯದು. ಎರಡನೇ ಸಲವೂ ಅದೇ ಧಾಟಿ ಇದ್ದರೆ ಆಗ ಅದು ಭಾಷೆಯ ಸಮಸ್ಯೆಯಲ್ಲ.

ಎಲ್ಲ ಆಟಕ್ಕೂ ಒಂದೇ ನಿಯಮವಿಲ್ಲ

ಸಲಹೆಗೆ ಏನು ಮಾಡಬೇಕು ಎಂಬುದು ಆಡುತ್ತಿರುವ ಆಟದ ಮೇಲೆ ನಿಂತಿದೆ. ಡೋಟಾ 2ರಂಥ ಆಟದಲ್ಲಿ ಐವರು ಸೇರಿ ಒಂದು ತಂಡ. ಒಬ್ಬರ ತಪ್ಪಿಗೆ ಐವರೂ ಸೋಲುತ್ತಾರೆ. ಅಲ್ಲಿ ಮಾತು ಆಟದ ಭಾಗ. ಚಾಟ್ ಪೂರ್ತಿ ಮುಚ್ಚಿ ಕುಳಿತರೆ ತಂಡಕ್ಕೇ ನಷ್ಟ.

ಕ್ಲಾಷ್ ಆಫ್ ಕ್ಲಾನ್ಸ್ ಇವೆರಡರ ನಡುವಿನದು. ಒಂದು ಕ್ಲಾನ್‌ನಲ್ಲಿ 50 ಜನರವರೆಗೆ ಇರಬಹುದು. ಸಾಮಾನ್ಯ ಕ್ಲಾನ್ ವಾರ್‌ನಲ್ಲಿ ಒಬ್ಬರಿಗೆ ಎರಡು ಅಟ್ಯಾಕ್, ಒಂದು ಅಟ್ಯಾಕ್‌ಗೆ ಮೂರು ನಿಮಿಷ. ಅಟ್ಯಾಕ್ ಮಾಡುವುದು ಒಬ್ಬರೇ ಆದರೂ ಸ್ಟಾರ್ ಸೇರುವುದು ಇಡೀ ಕ್ಲಾನ್‌ನ ಲೆಕ್ಕಕ್ಕೆ. ಹಾಗಾಗಿ ಯುದ್ಧಕ್ಕೆ ಮುಂಚೆ ಸಿಗುವ ಒಂದು ದಿನದ ತಯಾರಿ ಹೊತ್ತಿನಲ್ಲಿ ಲೀಡರ್ ‘ಈ ಬೇಸ್ ನಿನ್ನದು’ ಎಂದು ಹಂಚಿದರೆ ಅದನ್ನು ಮೂಗು ತೂರಿಸುವುದು ಅನ್ನಲಾಗದು. ಮೂರು ನಿಮಿಷದ ಅಟ್ಯಾಕ್ ನಡೆಯುವಾಗ ಬರುವ ‘ಅಯ್ಯೋ, ಡ್ರ್ಯಾಗನ್ ಯಾಕೆ ಬಿಟ್ಟೆ?’ ಎಂಬ ಸಾಲು ಮಾತ್ರ ಯಾರಿಗೂ ಉಪಯೋಗವಿಲ್ಲ. ಬಿಟ್ಟ ಡ್ರ್ಯಾಗನ್ ವಾಪಸ್ ಬರುವುದಿಲ್ಲ.

ಚೆಸ್ ಇನ್ನೊಂದು ತುದಿ. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮಾವಳಿಯ 11.3.1ನೇ ವಿಧಿ ಆಟ ನಡೆಯುವಾಗ ಟಿಪ್ಪಣಿ, ಮಾಹಿತಿ ಮೂಲ ಅಥವಾ ಸಲಹೆ ಬಳಸುವುದನ್ನೇ ನಿಷೇಧಿಸುತ್ತದೆ. ನೋಡುವವರು ಆಟದಲ್ಲಿ ತಲೆಹಾಕುವಂತಿಲ್ಲ; ಹಾಕಿದರೆ ತೀರ್ಪುಗಾರರು ಹೊರಗೆ ಕಳಿಸಬಹುದು. ಚೆಸ್.ಕಾಮ್, ಲಿಚೆಸ್‌ನಂಥ ಆನ್‌ಲೈನ್ ತಾಣಗಳಲ್ಲೂ ಆಟದ ನಡುವೆ ಕಂಪ್ಯೂಟರ್ ಎಂಜಿನ್ ಅಥವಾ ಇನ್ನೊಬ್ಬರ ನೆರವು ಪಡೆಯುವುದು ಮೋಸ. ಇಲ್ಲಿ ಕೇಳದೆ ಬಂದ ಸಲಹೆ ಬರೀ ಕಿರಿಕಿರಿಯಲ್ಲ. ಅದನ್ನು ಕೇಳಿ ನಡೆ ಇಟ್ಟರೆ ತಪ್ಪು ಆಟಗಾರನ ತಲೆಗೇ ಬರುತ್ತದೆ.

ಬೆಂಗಳೂರು ಮರೆಯದ 2021ರ ಆಟ

ಹೊರಗಿನ ನೆರವು ಎಷ್ಟು ದುಬಾರಿ ಆಗಬಹುದು ಎಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆಯಿದೆ. 2021ರ ಜೂನ್ 13ರಂದು, ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ, ಚೆಸ್.ಕಾಮ್ ತಾಣದಲ್ಲಿ ಒಂದು ಸಹಾಯಾರ್ಥ ಪ್ರದರ್ಶನ ನಡೆಯಿತು. ಉದ್ದೇಶ ಬೆಂಗಳೂರಿನ ಅಕ್ಷಯ ಪಾತ್ರ ಪ್ರತಿಷ್ಠಾನಕ್ಕೆ ಹಣ ಸೇರಿಸುವುದು. ಐದು ಬಾರಿಯ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಎದುರು ಹಲವು ಗಣ್ಯರು ಆನ್‌ಲೈನ್‌ನಲ್ಲಿ ಕುಳಿತರು. ನಟ ಆಮೀರ್ ಖಾನ್, ಕನ್ನಡದ ಕಿಚ್ಚ ಸುದೀಪ್, ಹರಿಯಾಣ ಮೂಲದ ಕ್ರಿಕೆಟಿಗ ಯಜುವೇಂದ್ರ ಚಹಲ್ ಅವರಲ್ಲಿ ಕೆಲವರು. ಚಹಲ್ ಬಾಲ್ಯದಲ್ಲಿ ಚೆಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದವರು.

ಆ ದಿನ ಆನಂದ್ ಅವರನ್ನು ಸೋಲಿಸಿದ್ದು ಬೆಂಗಳೂರಿನ ಝೆರೋಧಾ ಕಂಪನಿಯ ಸಹ ಸಂಸ್ಥಾಪಕ ನಿಖಿಲ್ ಕಾಮತ್. ಆಟದ ಗುಣಮಟ್ಟ ನೋಡಿದ ಚೆಸ್ ಪ್ರಿಯರು ಕೂಡಲೇ ಪ್ರಶ್ನೆ ಎತ್ತಿದರು. ಮರುದಿನವೇ ಕಾಮತ್ ಟ್ವಿಟರ್‌ನಲ್ಲಿ ಸತ್ಯ ಹೇಳಿದರು: ಆಟವನ್ನು ವಿಶ್ಲೇಷಿಸುತ್ತಿದ್ದವರ ಮತ್ತು ಕಂಪ್ಯೂಟರ್‌ಗಳ ನೆರವು ಸಿಕ್ಕಿತ್ತು, ಅದು ಮೋಜು ಮತ್ತು ಸಹಾಯಾರ್ಥಕ್ಕಾಗಿ ಆಡಿದ ಆಟ, ಇಷ್ಟು ಗೊಂದಲವಾಗುತ್ತದೆ ಎಂದು ಹೊಳೆದಿರಲಿಲ್ಲ ಎಂದು ತಿಳಿಸಿ ಕ್ಷಮೆ ಕೋರಿದರು. ಚೆಸ್.ಕಾಮ್ ಅವರ ಖಾತೆಯನ್ನು ಮುಚ್ಚಿ ಆಮೇಲೆ ಮರಳಿ ತೆರೆಯಿತು. ಆನಂದ್ ಹೆಚ್ಚು ಮಾತಾಡಲಿಲ್ಲ. ತಾವು ಮಣೆಯ ಮೇಲಿದ್ದ ಸ್ಥಿತಿಯನ್ನಷ್ಟೇ ಆಡಿದ್ದಾಗಿಯೂ ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದಾಗಿಯೂ ಹೇಳಿ ಸುಮ್ಮನಾದರು.

ಇದು ಕೇಳದೆ ಬಂದ ಸಲಹೆಯ ಪ್ರಕರಣವಲ್ಲ, ಪಡೆದ ನೆರವಿನದು. ಆದರೆ ಪಾಠ ಒಂದೇ. ಹೊರಗಿನವರ ಬುದ್ಧಿ ಆಟದ ಒಳಗೆ ಬಂದ ಕ್ಷಣಕ್ಕೆ ಆಡುತ್ತಿರುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಮಹಾಭಾರತದ ದ್ಯೂತದಲ್ಲೂ ಅದೇ ಆಗಿದ್ದು: ಪಣ ದುರ್ಯೋಧನನದು, ದಾಳ ಶಕುನಿಯದು. ಒಳ್ಳೆಯ ಉದ್ದೇಶದ ಕಾರ್ಯಕ್ರಮವೊಂದರಲ್ಲಿ ಮರುದಿನ ಜನ ಮಾತಾಡಿದ್ದು ಸಂಗ್ರಹವಾದ ಹಣದ ಬಗ್ಗೆ ಅಲ್ಲ, ಆ ಒಂದು ಆಟದ ಬಗ್ಗೆ.

ಸಲಹೆಯೇ ಆಟವಾದಾಗ

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. 1999ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಗ್ಯಾರಿ ಕಾಸ್ಪರೋವ್ ಇಂಟರ್ನೆಟ್‌ನಲ್ಲಿ ಇಡೀ ಜಗತ್ತಿನ ವಿರುದ್ಧ ಒಂದು ಚೆಸ್ ಆಟ ಆಡಿದರು. 75ಕ್ಕೂ ಹೆಚ್ಚು ದೇಶಗಳ 50 ಸಾವಿರಕ್ಕೂ ಹೆಚ್ಚು ಜನ ಮತ ಹಾಕಿ ‘ಜಗತ್ತಿನ’ ನಡೆಯನ್ನು ಆರಿಸುತ್ತಿದ್ದರು. ಸಲಹೆ ಕೊಡಲೆಂದೇ ನಾಲ್ವರು ಯುವ ಆಟಗಾರರಿದ್ದರು. ಅವರಲ್ಲಿ ಅಮೆರಿಕದ ಐರಿನಾ ಕ್ರಷ್‌ಗೆ ಆಗ 15 ವರ್ಷ; ಬರಬರುತ್ತಾ ಜನ ಹೆಚ್ಚಾಗಿ ನಂಬಿದ್ದು ಆಕೆಯ ಮಾತನ್ನೇ.

62 ನಡೆಗಳ ನಂತರ ಕಾಸ್ಪರೋವ್ ಗೆದ್ದರು, ಆದರೆ ಸುಲಭವಾಗಿ ಅಲ್ಲ. ಅಲ್ಲಿ ಸಾವಿರಾರು ಸಲಹೆ ಬಂದರೂ ಆಟ ಕೆಡದಿರಲು ಕಾರಣ ಸರಳ. ಸಲಹೆ ಕೊಡುವುದು ಮೊದಲೇ ಒಪ್ಪಿದ ನಿಯಮವಾಗಿತ್ತು, ಎದುರಾಳಿಗೂ ಗೊತ್ತಿತ್ತು. ಹೆಚ್ಚುಕಡಿಮೆ ಎರಡು ದಿನಕ್ಕೊಂದು ನಡೆಯಾದ್ದರಿಂದ ಯೋಚಿಸಲು ಸಮಯವಿತ್ತು. ಸಲಹೆಗಾರರು ತಮ್ಮ ಹೆಸರು ಹಾಕಿ, ಕಾರಣ ಬರೆದು ಹೇಳುತ್ತಿದ್ದರು. ಒಪ್ಪಿಗೆ, ಸಮಯ, ಕಾರಣ ಈ ಮೂರೂ ಇದ್ದರೆ ಸಲಹೆ ಸಹಾಯವಾಗುತ್ತದೆ, ಇಲ್ಲದಿದ್ದರೆ ಕಾಟವಾಗುತ್ತದೆ.

ಆಟ ನಡೆಯುವಾಗ ಏನು ಮಾಡಬೇಕು?

ಮಾಹಿತಿಯೋ, ತೀರ್ಪೋ ನೋಡಿ: ‘ಎದುರಾಳಿ ಕೆಳಗಿನ ದಾರೀಲಿ ಕಾಣ್ತಿಲ್ಲ’ ಎನ್ನುವುದು ಮಾಹಿತಿ. ತಂಡದ ಆಟದಲ್ಲಿ ಅದನ್ನು ಕೂಡಲೇ ಬಳಸಬೇಕು. ‘ನೀನು ಆಗಲೇ ಹಿಂದೆ ಬರ್ಬೇಕಿತ್ತು’ ಎನ್ನುವುದು ಮುಗಿದದ್ದರ ಮೇಲಿನ ತೀರ್ಪು. ಅದಕ್ಕೆ ಆಟದ ನಡುವೆ ಉತ್ತರ ಕೊಡುವ ಅಗತ್ಯವೇ ಇಲ್ಲ.

ಒಂದೇ ಉತ್ತರ, ಒಂದೇ ಸಲ: ‘ನೋಡ್ತೀನಿ ಅಣ್ಣ, ಆಟ ಮುಗೀಲಿ’ ಎಂಬ ಒಂದು ಸಾಲು ಸಾಕು. ಹಿಂದಿಯಲ್ಲಾದರೆ ‘ಭಾಯ್, ಮ್ಯಾಚ್ ಕೇ ಬಾದ್ ಬಾತ್ ಕರ್ತೇ ಹೈ’. ಇದರಲ್ಲಿ ಒಪ್ಪಿದ್ದೂ ಇಲ್ಲ, ಎದುರಾಡಿದ್ದೂ ಇಲ್ಲ. ತಾನು ಮಾಡಿದ್ದೇ ಸರಿ ಎಂದು ವಾದಕ್ಕಿಳಿದರೆ ಎರಡು ಆಟ ಒಟ್ಟಿಗೆ ಆಡಿದಂತಾಗುತ್ತದೆ, ಸಾಮಾನ್ಯವಾಗಿ ಎರಡರಲ್ಲೂ ಸೋಲು.

ಮ್ಯೂಟ್ ಮಾಡಲು ಸಂಕೋಚ ಬೇಡ: ಡೋಟಾ 2ರಲ್ಲಿ ಸ್ಕೋರ್‌ಬೋರ್ಡ್‌ನಿಂದ ಬೇಕಾದವರನ್ನಷ್ಟೇ ಮ್ಯೂಟ್ ಮಾಡಬಹುದು. ಕ್ಲಾಷ್ ರಾಯಲ್‌ನಲ್ಲಿ ಎದುರಾಳಿಯ ಇಮೋಟ್‌ಗಳನ್ನು ಮುಚ್ಚಬಹುದು. ಚೆಸ್.ಕಾಮ್‌ನಲ್ಲಿ ಚಾಟ್ ಆಫ್ ಮಾಡುವ ಆಯ್ಕೆಯಿದೆ. ಲಿಚೆಸ್‌ನ ‘ಝೆನ್ ಮೋಡ್’ ಮಣೆಯನ್ನು ಬಿಟ್ಟು ಗಮನ ಸೆಳೆಯುವ ಹೆಚ್ಚಿನದನ್ನೆಲ್ಲ ಮರೆಮಾಡುತ್ತದೆ. ಮ್ಯೂಟ್ ಎಂದರೆ ಅವಮಾನವಲ್ಲ; ಓದುವಾಗ ಬಾಗಿಲು ಹಾಕಿಕೊಂಡಂತೆ ಅಷ್ಟೇ.

ಎದುರಾಳಿಯ ಸಲಹೆಗೆ ಕಿವಿಗೊಡಬೇಡಿ: ಆಟದ ನಡುವೆ ಎದುರಾಳಿಯೇ ‘ಈಗ ಸೋತೆ ಬಿಡು, ರಿಸೈನ್ ಮಾಡು’ ಎಂದರೆ ಅದು ಸಲಹೆಯಲ್ಲ, ಆಟದ ಒಂದು ನಡೆ. ಸೋಲು ಖಚಿತವಾಗಿದ್ದರೆ ಅವರು ಅದನ್ನು ಮಣೆಯ ಮೇಲೇ ತೋರಿಸಬಹುದಲ್ಲ.

ಪಕ್ಕದಲ್ಲೇ ಕುಳಿತವರಿಗೆ ಕೆಲಸ ಕೊಡಿ: ಹಾಸ್ಟೆಲ್‌ನಲ್ಲೋ ಮನೆಯಲ್ಲೋ ಹೆಗಲ ಮೇಲಿಂದ ಬಗ್ಗಿ ನೋಡುವ ಗೆಳೆಯನನ್ನು ಮ್ಯೂಟ್ ಮಾಡಲಾಗದು. ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಲು ಹೇಳುವುದು ಉಪಾಯ. ಆಟ ಮುಗಿದ ಮೇಲೆ ಒಟ್ಟಿಗೆ ನೋಡಿದರೆ ಅವರ ಉತ್ಸಾಹವೂ ಉಳಿಯುತ್ತದೆ, ಆಟವೂ ಉಳಿಯುತ್ತದೆ.

ಆಟ ಮುಗಿದ ಮೇಲೆ: ಸಲಹೆಗೂ ಪರೀಕ್ಷೆ ಇರಲಿ

ಸಿಟ್ಟು ಇಳಿದ ಮೇಲೆ ಆ ಸಾಲನ್ನು ಮತ್ತೊಮ್ಮೆ ಓದುವುದು ಲಾಭದ ಕೆಲಸ. ಆನ್‌ಲೈನ್ ಆಟದ ದೊಡ್ಡ ಅನುಕೂಲ ಎಂದರೆ ಪ್ರತಿ ಆಟವೂ ದಾಖಲಾಗಿರುತ್ತದೆ. ಲಿಚೆಸ್‌ನಲ್ಲಿ ಮುಗಿದ ಆಟದ ಕಂಪ್ಯೂಟರ್ ವಿಶ್ಲೇಷಣೆ ಉಚಿತ. ಕ್ಲಾಷ್ ಆಫ್ ಕ್ಲಾನ್ಸ್ ಮತ್ತು ಡೋಟಾ 2ರಲ್ಲಿ ರಿಪ್ಲೇ ನೋಡಬಹುದು. ಸಲಹೆ ಸರಿಯೋ ತಪ್ಪೋ ಎಂದು ವಾದ ಮಾಡಬೇಕಿಲ್ಲ, ಹಿಂದಕ್ಕೆ ಹೋಗಿ ನೋಡಿದರಾಯಿತು.

ಆಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಮೊದಲನೆಯದು, ಸಲಹೆಯಲ್ಲಿ ಕಾರಣ ಇತ್ತೇ? ‘ಕುದುರೆ ತಪ್ಪು’ ಎನ್ನುವುದಕ್ಕಿಂತ ‘ಕುದುರೆ ಅಲ್ಲಿಗೆ ಹೋದರೆ ರಾಜನ ಪಕ್ಕದ ಪದಾತಿಗೆ ಕಾವಲು ಇರೋದಿಲ್ಲ’ ಎನ್ನುವುದರಲ್ಲಿ ಕಲಿಯಲು ವಿಷಯವಿದೆ. ಎರಡನೆಯದು, ಅದೇ ಮಾತನ್ನು ಬೇರೆಬೇರೆಯವರು ಹೇಳಿದ್ದಾರೆಯೇ? ಸಂಬಂಧವಿಲ್ಲದ ಮೂವರು ಒಂದೇ ತಪ್ಪನ್ನು ತೋರಿಸಿದರೆ ಅದು ಕಾಟವಲ್ಲ, ಕನ್ನಡಿ.

ಮೂರನೆಯದು, ಸಲಹೆ ಹಳಸಿದೆಯೇ? ಚೆಸ್ ನಿಯಮ ಸುಲಭಕ್ಕೆ ಬದಲಾಗುವುದಿಲ್ಲ. ಆದರೆ ಮೊಬೈಲ್ ಗೇಮ್‌ಗಳು ಅಪ್‌ಡೇಟ್ ಬಂದಂತೆಲ್ಲ ಬದಲಾಗುತ್ತವೆ. ಕ್ಲಾಷ್ ಆಫ್ ಕ್ಲಾನ್ಸ್‌ನಲ್ಲಿ ಸೈನ್ಯ ಸಿದ್ಧಪಡಿಸಲು ತಗಲುತ್ತಿದ್ದ ಖರ್ಚನ್ನು 2022ರಲ್ಲಿ ತೆಗೆದುಹಾಕಲಾಯಿತು, 2025ರಲ್ಲಿ ಕಾಯುವ ಸಮಯವೂ ಹೋಯಿತು. ‘ದುಬಾರಿ ಸೈನ್ಯ ಸುಮ್ಮನೆ ಬಳಸಬೇಡ’ ಎಂದು ಹತ್ತು ವರ್ಷದ ಅನುಭವ ಇರುವ ಆಟಗಾರ ಹೇಳಿದರೆ ಅದು ಅವರ ಕಾಲಕ್ಕೆ ಸರಿ. ಈಗಿನ ಆಟದಲ್ಲಿ ಆ ಲೆಕ್ಕವೇ ಇಲ್ಲ.

ಪರೀಕ್ಷೆಯಲ್ಲಿ ಗೆದ್ದ ಸಲಹೆಯನ್ನು ಪ್ರಯೋಗಿಸಿ ನೋಡಲು ರೇಟಿಂಗ್ ಇಲ್ಲದ ಆಟ, ಕ್ಲಾನ್‌ನ ಫ್ರೆಂಡ್ಲಿ ಚಾಲೆಂಜ್‌ನಂಥ ಜಾಗ ಒಳ್ಳೆಯದು. ಅಲ್ಲಿ ಸೋತರೂ ಕಳೆದುಕೊಳ್ಳುವುದೇನಿಲ್ಲ. ಹೇಳಿದವರಿಗೆ ‘ನೀವು ಹೇಳಿದ್ದು ಸರಿ ಇತ್ತು’ ಎಂದು ಒಂದು ಸಾಲು ಬರೆದರೆ, ಮುಂದಿನ ಸಲ ಅವರು ಆಟ ಮುಗಿಯುವವರೆಗೆ ಕಾಯುವ ಸಾಧ್ಯತೆ ಹೆಚ್ಚು.

ಸಲಹೆಯ ವೇಷದ ಬಲೆ

ಕೆಲವು ‘ಸಲಹೆ’ಗಳಿಗೂ ಆಟಕ್ಕೂ ಸಂಬಂಧವೇ ಇರುವುದಿಲ್ಲ. ‘ನಿನ್ನ ಅಕೌಂಟ್ ಕೊಡು, ಒಂದೇ ವಾರದಲ್ಲಿ ಲೆವೆಲ್ ಏರಿಸಿ ಕೊಡ್ತೀನಿ’, ‘ಈ ಲಿಂಕ್ ಒತ್ತಿದ್ರೆ ಜೆಮ್ಸ್ ಫ್ರೀ’, ‘ಒಟಿಪಿ ಬಂದಿರುತ್ತೆ, ಹೇಳು’ ಎಂಬ ಮಾತು ಬಂದರೆ ಅಲ್ಲಿಗೆ ಮಾತು ನಿಲ್ಲಿಸಬೇಕು. ಮೊದಲು ಹತ್ತು ದಿನ ಒಳ್ಳೆಯ ಸಲಹೆ ಕೊಟ್ಟು ನಂಬಿಕೆ ಗಳಿಸಿ, ಹನ್ನೊಂದನೇ ದಿನ ಲಿಂಕ್ ಕಳಿಸುವವರೂ ಇರುತ್ತಾರೆ.

‘ಇಷ್ಟು ಚೆನ್ನಾಗಿ ಆಡ್ತೀಯ, ಈ ಆ್ಯಪ್‌ನಲ್ಲಿ ದುಡ್ಡಿಟ್ಟು ಆಡು’ ಎಂಬ ಹೊಗಳಿಕೆ ಇನ್ನೊಂದು ಬಗೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಮಾನ್ಯತೆ ನೀಡಿದೆ. ಇಂಥ ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು ಮತ್ತು ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಹೆಣ್ಣುಮಕ್ಕಳು, ಚಿಕ್ಕವರು ಆಡುವಾಗ

ಹುಡುಗಿ ಎಂದು ಗೊತ್ತಾದ ಕೂಡಲೇ ಸಲಹೆ ಹೆಚ್ಚಾಗುವುದು ಗೇಮ್ ಆಡುವ ಹಲವು ಹೆಣ್ಣುಮಕ್ಕಳ ದೂರು. ತಮಗಿಂತ ಕೆಳಗಿನ ರ‍್ಯಾಂಕ್‌ನವರೂ ಪಾಠ ಹೇಳಲು ಬರುತ್ತಾರೆ, ಮಾತು ಆಟ ಬಿಟ್ಟು ವೈಯಕ್ತಿಕ ವಿಷಯಕ್ಕೆ ಹೊರಳುತ್ತದೆ. ಮೈಕ್ ಆಫ್ ಮಾಡಿ, ಹೆಸರು ಬದಲಿಸಿ ಆಡುವವರಿದ್ದಾರೆ. ಇಲ್ಲಿ ‘ಸುಮ್ಮನೆ ಬಿಟ್ಟುಬಿಡು’ ಎನ್ನುವುದು ಪರಿಹಾರವಲ್ಲ. ಮಾತು ಗೆರೆ ದಾಟಿದರೆ ಸ್ಕ್ರೀನ್‌ಶಾಟ್ ತೆಗೆದು, ರಿಪೋರ್ಟ್ ಮಾಡಿ, ಬ್ಲಾಕ್ ಮಾಡಬೇಕು. ಕ್ಲಾನ್‌ನಲ್ಲಾದರೆ ಅಂಥವರನ್ನು ಹೊರಹಾಕುವುದು ಲೀಡರ್‌ನ ಹೊಣೆ, ಕಿರುಕುಳಕ್ಕೆ ಒಳಗಾದವರೇ ಕ್ಲಾನ್ ಬಿಡುವುದಲ್ಲ.

ಮಕ್ಕಳ ವಿಷಯದಲ್ಲಿ ಅಪ್ಪ-ಅಮ್ಮ ಸೆಟ್ಟಿಂಗ್ಸ್ ನೋಡುವುದು ಒಳ್ಳೆಯದು. ಲಿಚೆಸ್‌ನಲ್ಲಿ ‘ಕಿಡ್ ಮೋಡ್’ ಹಾಕಿದರೆ ಸಂದೇಶ, ಚಾಟ್ ಎಲ್ಲವೂ ಮುಚ್ಚುತ್ತವೆ. ಅದರ ಜೊತೆಗೆ ಇನ್ನೊಂದು ಎಚ್ಚರಿಕೆ ಬೇಕು. ಮಗು ಆಡುವಾಗ ಪಕ್ಕದಲ್ಲಿ ನಿಂತು ‘ಆ ಆನೆ ನಡೆಸು’ ಎನ್ನುವವರು ಬಹಳ ಸಲ ಮನೆಯವರೇ. ರೇಟಿಂಗ್ ಇರುವ ಆಟದಲ್ಲಿ ಅದೂ ಹೊರಗಿನ ನೆರವೇ. ಪಂದ್ಯಾವಳಿಗಳಲ್ಲಿ ಪೋಷಕರನ್ನು ಆಟದ ಹಾಲ್‌ನಿಂದ ಹೊರಗೆ ಕೂರಿಸುವುದು ಸುಮ್ಮನೆ ಅಲ್ಲ.

ಸಲಹೆ ಕೊಡುವವರೂ ಗಮನಿಸಿ

ಆನ್‌ಲೈನ್‌ನಲ್ಲಿ ಸಲಹೆ ಕೇಳಿ ಬೇಸತ್ತವರೇ ಇನ್ನೊಬ್ಬರ ಆಟ ನೋಡುವಾಗ ಸಲಹೆ ಕೊಡುತ್ತಿರುತ್ತಾರೆ. ತಪ್ಪು ಕಂಡಾಗ ಬಾಯಿ ಕಟ್ಟಿಕೊಳ್ಳುವುದು ಕಷ್ಟವೇ. ಆದರೆ ಕೆಲವು ರೂಢಿಗಳು ಸಹಾಯಕ್ಕೆ ಬರುತ್ತವೆ. ಮೊದಲು ಕೇಳಬೇಕು: ‘ಒಂದು ವಿಷಯ ಕಂಡಿತು, ಹೇಳಲಾ?’ ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಬೇಕು ಎಂದರೆ ಒಂದೇ ವಿಷಯ ಹೇಳಬೇಕು, ಹತ್ತಲ್ಲ. ಹೇಳುವಾಗ ನಡೆಯ ಬಗ್ಗೆ ಹೇಳಬೇಕು, ಆಡಿದವರ ಬುದ್ಧಿಯ ಬಗ್ಗೆ ಅಲ್ಲ. ಗುರುತಿಲ್ಲದವರಿಗೆ ‘ನೀವು’ ಎಂದು ಆರಂಭಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಚೆಸ್‌ನಲ್ಲಂತೂ ಆಟ ಮುಗಿಯುವವರೆಗೆ ಬಾಯಿ ಬಿಡಲೇಬಾರದು.

ಕ್ಲಾನ್ ಅಥವಾ ತಂಡ ನಡೆಸುವವರು ಈ ನಿಯಮವನ್ನು ಮೊದಲೇ ಬರೆದು ಹಾಕಿದರೆ ಇನ್ನೂ ಒಳ್ಳೆಯದು. ‘ಅಟ್ಯಾಕ್‌ಗೆ ಮುಂಚೆ ಯೋಜನೆ, ಅಟ್ಯಾಕ್ ಆದ ಮೇಲೆ ಚರ್ಚೆ, ನಡುವೆ ಮೌನ’ ಎಂಬ ಒಂದು ಸಾಲು ಕ್ಲಾನ್ ವಿವರದಲ್ಲಿದ್ದರೆ ಹೊಸಬರಿಗೂ ಹಳಬರಿಗೂ ಗೆರೆ ಎಲ್ಲಿದೆ ಎಂದು ಗೊತ್ತಿರುತ್ತದೆ.

ಕೊನೆಗೆ ನೆನಪಿಡಬೇಕಾದದ್ದು ಇಷ್ಟೇ. ತಪ್ಪು ನಡೆಯಿಂದ ರೇಟಿಂಗ್ ಹೋಗುವುದು, ಸ್ಟಾರ್ ತಪ್ಪುವುದು ಆಡುತ್ತಿರುವವರಿಗೆ, ಹೇಳಿದವರಿಗಲ್ಲ. ಹಾಗಾಗಿ ಆ ನಡೆಯನ್ನು ತೀರ್ಮಾನಿಸುವ ಹಕ್ಕೂ ಅವರದೇ. ಸ್ವಂತ ಲೆಕ್ಕದಿಂದ ಆಡಿ ಸೋತ ಆಟ ಮುಂದಿನ ಆಟಕ್ಕೆ ಪಾಠವಾಗುತ್ತದೆ. ಬೇರೆಯವರ ಮಾತು ಕೇಳಿ ಗೆದ್ದ ಆಟದಲ್ಲಿ, ಮುಂದಿನ ಸಲ ಒಬ್ಬರೇ ಕುಳಿತಾಗ ಕೈಗೆ ಬರುವಂಥದ್ದು ಏನೂ ಉಳಿದಿರುವುದಿಲ್ಲ.